ಇಬ್ಬರ ಮಾತು ಇಬ್ಬರಲ್ಲೇ ಇರಲಿ



ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ನಿಶ್ಚಿತಾರ್ಥವಾಗಿರುವ ಹುಡುಗ, ಹುಡುಗಿ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಸಿಟ್ಟಿನ ಭರದಲ್ಲಿ ಹುಡುಗಿ ನಂಬಿಕೆದ್ರೋಹದ ಬಗ್ಗೆ ಎರಡು ಸಾಲು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾಳೆ. ಯಾರ ಹೆಸರನ್ನೂ ಬರೆದಿಲ್ಲ. ಆದರೆ ಹುಡುಗನ ಅಕ್ಕ ಅದನ್ನು ನೋಡಿ ಚಿಕ್ಕಮ್ಮನಿಗೆ ಕಳಿಸುತ್ತಾಳೆ. ರಾತ್ರಿಯೊಳಗೆ ಇಬ್ಬರೂ ರಾಜಿಯಾಗುತ್ತಾರೆ. ಸ್ಟೇಟಸ್ ಅಳಿಸಿಯೂ ಆಗುತ್ತದೆ. ಆದರೆ ಭಾನುವಾರ ಬಲಿಪೂಜೆ ಮುಗಿದು ಹೊರಬಂದಾಗ ದೇವಾಲಯದ ಅಂಗಳದಲ್ಲಿ ಹಿರಿಯರ ಮುಖಗಳು ಬಿಗಿದಿವೆ. ಇಬ್ಬರು ಮರೆತ ಜಗಳವನ್ನು ಎರಡು ಮನೆಗಳು ಮರೆಯುತ್ತಿಲ್ಲ!

ಹಾಗಾದರೆ ಪ್ರೀತಿಯನ್ನು ಬಚ್ಚಿಡಬೇಕೆ? ಇಲ್ಲ. ಗುಟ್ಟಿನ ಮದುವೆಯನ್ನು ಧರ್ಮಸಭೆ ಮೆಚ್ಚುವುದಿಲ್ಲ. ಅಂಥ ಮದುವೆಗಳಿಂದಾಗುವ ಅನ್ಯಾಯವನ್ನು ತಡೆಯಲೆಂದೇ 1563ರಲ್ಲಿ ಟ್ರೆಂಟ್ ಮಹಾಸಭೆಯು, ಮದುವೆಯನ್ನು ಮುಂಚಿತವಾಗಿ ಮೂರು ಬಾರಿ ದೇವಾಲಯದಲ್ಲಿ ಪ್ರಕಟಿಸಬೇಕು, ಗುರುಗಳ ಮತ್ತು ಸಾಕ್ಷಿಗಳ ಮುಂದೆಯೇ ನಡೆಸಬೇಕು ಎಂದು ವಿಧಿಸಿತು. ಇಂದಿಗೂ ವಿವಾಹಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಕೊಟ್ಟ ಮಾತು ಊರಿಗೆಲ್ಲ ಗೊತ್ತಿರಬೇಕು. ಆದರೆ ಆ ಮಾತಿನ ಒಳಗಿನ ಬಾಳು, ಅದರ ಸಲಿಗೆ, ಮುನಿಸು, ಕಣ್ಣೀರು ಇಬ್ಬರದು ಮಾತ್ರ. ಸಾಮಾಜಿಕ ಜಾಲತಾಣಗಳಲ್ಲಿ ಇದು ತಲೆಕೆಳಗಾಗುತ್ತಿದೆ. ಮಾತು ಕೊಡುವ ಮೊದಲೇ ಒಳಗಿನ ಬಾಳು ಬೀದಿಗೆ ಬರುತ್ತಿದೆ.

ಸಂತ ಜೋಸೆಫರನ್ನು ನೆನೆಯಿರಿ. ತಮಗೆ ನಿಶ್ಚಿತಳಾಗಿದ್ದ ಮರಿಯಳು ಗರ್ಭಿಣಿಯೆಂದು ತಿಳಿದಾಗ ಅವರ ಮನಸ್ಸಿಗೆ ಎಷ್ಟು ನೋವಾಗಿರಬೇಡ! ದೇವದೂತನ ಮಾತು ಇನ್ನೂ ಬಂದಿರಲಿಲ್ಲ. ಆದರೂ ಅವರು ಆಕೆಯನ್ನು ಊರವರ ಮುಂದೆ ಅವಮಾನಕ್ಕೆ ಗುರಿಮಾಡಲು ಒಪ್ಪಲಿಲ್ಲ (ಮತ್ತಾಯ 1:19). ಶುಭಸಂದೇಶವು ಅವರನ್ನು ನೀತಿವಂತರೆಂದು ಕರೆಯುವುದು ಈ ಸಂದರ್ಭದಲ್ಲೇ. ನೊಂದಾಗಲೂ ಮತ್ತೊಬ್ಬರ ಮಾನ ಕಾಯುವುದೇ ನಿಜವಾದ ಪ್ರೀತಿ. ಪೋಪ್ ಫ್ರಾನ್ಸಿಸ್‌ರವರು ಕೂಡ 2016ರ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ, ಪ್ರೀತಿಸುವ ದಂಪತಿಗಳು ಪರಸ್ಪರರ ಕೊರತೆಗಳನ್ನು ಹೊರಗೆ ಆಡಿಕೊಳ್ಳದೆ ಮೌನವಾಗಿರುತ್ತಾರೆ ಎಂದು ಬೋಧಿಸಿದ್ದಾರೆ.

ಸ್ಟೇಟಸ್ 24 ಗಂಟೆಗಳಲ್ಲಿ ತಾನಾಗಿ ಮಾಯವಾಗುತ್ತದೆ ಎಂದು ನಂಬಬೇಡಿ. ನೋಡಿದವರು ಕ್ಷಣಾರ್ಧದಲ್ಲಿ ಅದರ ಸ್ಕ್ರೀನ್‌ಶಾಟ್ ತೆಗೆದಿಡಬಲ್ಲರು. ಇನ್ನು ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡಿ:

1. ಇಬ್ಬರೂ ಇರುವ ಫೋಟೊ ಇಬ್ಬರಿಗೂ ಸೇರಿದ್ದು. ಹಾಕುವ ಮೊದಲು ಒಪ್ಪಿಗೆ ಕೇಳಿ.

2. ಪ್ರೀತಿಯ ಗುರುತಾಗಿ ಪಾಸ್‌ವರ್ಡ್ ಕೇಳಬೇಡಿ, ಕೊಡಲೂಬೇಡಿ. ಕಾವಲು ಕಾಯುವುದು ನಂಬಿಕೆಯಲ್ಲ.

3. ಗುಟ್ಟಾಗಿರಬೇಕಾದ ಚಿತ್ರವನ್ನು ಯಾರು ಎಷ್ಟೇ ಒತ್ತಾಯಿಸಿದರೂ ಕಳಿಸಬೇಡಿ. ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

4. ಸಂಬಂಧ ಮುರಿದುಬಿದ್ದರೂ ಹಳೆಯ ಪತ್ರ, ಚಿತ್ರಗಳನ್ನು ಆಯುಧವಾಗಿ ಬಳಸಬೇಡಿ. ಒಬ್ಬರ ಒಳ್ಳೆಯ ಹೆಸರಿಗೆ ಮಸಿ ಬಳಿಯುವುದನ್ನೂ ಅವರ ಖಾಸಗಿತನವನ್ನು ಭಂಗಪಡಿಸುವುದನ್ನೂ ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿ ನಿಷೇಧಿಸುತ್ತದೆ.

ಒಂದು ಎಚ್ಚರಿಕೆ. ಮಾನ ಕಾಯುವುದೆಂದರೆ ಹಿಂಸೆಯನ್ನು ಮುಚ್ಚಿಡುವುದಲ್ಲ. ಹೊಡೆತ, ಬೆದರಿಕೆ, ಚಿತ್ರ ಹರಡುವೆನೆಂಬ ಮಾತು ಇವೆಲ್ಲ ಬಂದಾಗ ಸುಮ್ಮನಿರಬೇಡಿ. ತಂದೆತಾಯಿಗೆ, ನಂಬಿಕೆಯ ಹಿರಿಯರಿಗೆ, ಪೊಲೀಸರಿಗೆ ತಿಳಿಸಿ. ತಂದೆತಾಯಂದಿರೇ, ಮಕ್ಕಳು ಹೀಗೆ ಹೇಳಿಕೊಂಡು ಬಂದಾಗ ಮೊದಲು ಬಯ್ಯಬೇಡಿ, ಕೇಳಿಸಿಕೊಳ್ಳಿ. ಬಯ್ಗುಳಕ್ಕೆ ಹೆದರಿದ ಮಗು ಬೆದರಿಸುವವನ ಕೈಗೇ ಮತ್ತೆ ಸಿಕ್ಕಿಬೀಳುತ್ತದೆ.

ಇಂದು ರಾತ್ರಿ ಜಪಸರದ ನಂತರ ಮನೆಯವರೆಲ್ಲ ಕುಳಿತು ಈ ಎರಡು ಪ್ರಶ್ನೆಗಳನ್ನು ಮಾತನಾಡಿಕೊಳ್ಳಿ: ಮನೆಯವರನ್ನು ಕೇಳದೆ ಅವರ ಯಾವ ಸುದ್ದಿಯನ್ನು ನಾನು ಹೊರಗೆ ಹಾಕಿದ್ದೇನೆ? ಇನ್ನೊಬ್ಬರ ಮನೆಯ ಯಾವ ಗುಟ್ಟನ್ನು ನಾನು ಮುಂದಕ್ಕೆ ಕಳಿಸಿದ್ದೇನೆ? ಆ ಅಕ್ಕ ಸ್ಟೇಟಸ್ ನೋಡಿ ಸುಮ್ಮನಿದ್ದಿದ್ದರೆ ಜಗಳ ಅಂದಿಗೇ ಮುಗಿಯುತ್ತಿತ್ತು.