ಗೋಡೆಯ ಮೇಲಣ ಕೊಂಬು: ಗೃಹಸ್ಥನು ಅರಿಯಬೇಕಾದ ಕಾನೂನು

ಮಲೆನಾಡಿನ ತೊಟ್ಟಿಮನೆಗಳಲ್ಲಿಯೂ ಕೊಡಗಿನ ಐನ್‌ಮನೆಗಳಲ್ಲಿಯೂ ಮರದ ಹಲಗೆಗೆ ಬಿಗಿದ ಕಡವೆಯ ಕವಲುಗೊಂಬುಗಳನ್ನು ಪೂರ್ವಿಕರ ಪರಾಕ್ರಮದ ಕುರುಹೆಂದು ಗೌರವದಿಂದ ಕಾಪಾಡಿಕೊಂಡು ಬಂದ ಕುಟುಂಬಗಳುಂಟು. ಬೇಟೆಯು ಶಾಸನಸಮ್ಮತವಾಗಿದ್ದ ಕಾಲದಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಹೋದರರ ಕಾರ್ಯಾಗಾರದಿಂದ ಮೃಗಶಿರಗಳು ಸಿದ್ಧಗೊಂಡು ಅರಮನೆಗಳಿಗೂ ಬಂಗಲೆಗಳಿಗೂ ಹೋದುವು. ಆದರೆ ವಸ್ತುವು ಪುರಾತನವೆಂಬ ಮಾತ್ರಕ್ಕೆ ಅದರ ಒಡೆತನವು ನಿರ್ವಿವಾದವಾಗದೆಂಬುದನ್ನು ಇಂದಿನ ಗೃಹಸ್ಥನು ಮರೆಯಲಾಗದು.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಚರ್ಮ, ದಂತ, ಉಗುರುಗಳಂತೆ ಕವಲುಗೊಂಬನ್ನೂ ಮೃಗಸ್ಮಾರಕದ (ಟ್ರೋಫಿಯ) ವ್ಯಾಖ್ಯೆಯೊಳಗೆ ಸೇರಿಸಿದೆ. ಇನ್ನು ಕಡವೆ, ಜಿಂಕೆಗಳು ತಾವಾಗಿಯೇ ಉದುರಿಸಿದ ಕೊಂಬನ್ನು ಆಯ್ದು ತಂದರೆ ದೋಷವೇನೆಂದು ಕೇಳುವವರು, ಕಾಡಿನಿಂದ ತಂದ ಕೊಂಬು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅರಣ್ಯೋತ್ಪನ್ನವೇ ಆಗಿರುವುದನ್ನು ನೆನೆಯಬೇಕು.

ಇಲ್ಲಿ ಬಹುಮುಖ್ಯವಾದುದು ವನ್ಯಜೀವಿ ಅಧಿನಿಯಮದ 57ನೆಯ ಪ್ರಕರಣ. ಮೊಕದ್ದಮೆಯಲ್ಲಿ ಸ್ಮಾರಕವು ಒಬ್ಬನ ವಶದಲ್ಲಿತ್ತೆಂದು ಸಿದ್ಧವಾದೊಡನೆ ಆ ವಶವು ಅಕ್ರಮವೆಂದೇ ನ್ಯಾಯಾಲಯವು ಭಾವಿಸುವುದು. ಸಕ್ರಮವೆಂದು ಸಾಧಿಸುವ ಭಾರವು ಆಪಾದಿತನ ಮೇಲೆಯೇ ಬೀಳುವುದು. ಆದ್ದರಿಂದ ಅಜ್ಜನ ಕಾಲದ ಪರವಾನಗಿ, ರಸೀದಿ, ಹಳೆಯ ಛಾಯಾಚಿತ್ರ, ಇವುಗಳಲ್ಲಿ ದೊರೆತುದನ್ನೆಲ್ಲ ಜೋಪಾನವಾಗಿಡತಕ್ಕದ್ದು.

ಸಕ್ರಮವಾಗಿ ವಶದಲ್ಲಿರುವ ಸ್ಮಾರಕಕ್ಕೆ 42ನೆಯ ಪ್ರಕರಣದ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರು ಮಾಲೀಕತ್ವದ ಪ್ರಮಾಣಪತ್ರ ನೀಡಬಹುದು. ಪ್ರಮಾಣಪತ್ರವಿದ್ದರೂ ಅದನ್ನು ಮಾರುವುದಾಗಲಿ ಮಾರಾಟಕ್ಕೆ ಇಡುವುದಾಗಲಿ ನಿಷಿದ್ಧ. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವನೂ ಅಪಾಯಕ್ಕೆ ಕೈಯೊಡ್ಡಿದಂತೆಯೇ. ಉತ್ತರಾಧಿಕಾರದಿಂದ ಬಂದ ಸ್ಮಾರಕಗಳ ಪೈಕಿ ಅತ್ಯಧಿಕ ರಕ್ಷಣೆಗೆ ಒಳಗಾದ ಪ್ರಾಣಿಗಳವನ್ನು 90 ದಿನಗಳೊಳಗೆ ಘೋಷಿಸಬೇಕೆಂದು ಕಾನೂನು ವಿಧಿಸಿದೆ. ಕೊಂಬು ಯಾವ ಪ್ರಾಣಿಯದೇ ಆಗಿರಲಿ, ವಾರಸುದಾರನು ಈ ಗಡುವನ್ನು ಪಾಲಿಸಿ, ಸಲ್ಲಿಸಿದ ಅರ್ಜಿಗೆ ಸ್ವೀಕೃತಿಪತ್ರ ಪಡೆಯುವುದೇ ಕ್ಷೇಮಕರ.

ಪ್ರಮಾಣಪತ್ರವುಳ್ಳವನು ಇಟ್ಟುಕೊಳ್ಳಲು ಇಚ್ಛಿಸದಿದ್ದಲ್ಲಿ, 2022ರ ತಿದ್ದುಪಡಿಯಿಂದ ಸೇರಿದ 42ಎ ಪ್ರಕರಣದಂತೆ 7 ಕೆಲಸದ ದಿನಗಳ ಮುನ್ಸೂಚನೆ ಕೊಟ್ಟು ಒಪ್ಪಿಸಬಹುದು, ಪರಿಹಾರಧನ ಸಲ್ಲದು. ಯಾವ ಕಾಗದವೂ ಇಲ್ಲದವನು ಅದನ್ನು ಅಟ್ಟದಲ್ಲಿ ಅಡಗಿಸುವ ಬದಲು ವಕೀಲರ ಸಲಹೆ ಪಡೆದು ವಲಯ ಅರಣ್ಯಾಧಿಕಾರಿಗಳನ್ನು ಕಾಣುವುದು ಲೇಸು. ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗಿನ ಸೆರೆ, 1 ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಇವೆ. ಅತ್ಯಧಿಕ ರಕ್ಷಣೆಗೆ ಒಳಗಾದ ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಸೆರೆವಾಸವು 3ರಿಂದ 7 ವರ್ಷ, ದಂಡವು ಕನಿಷ್ಠ 25,000 ರೂಪಾಯಿ.

ಪೂರ್ವಿಕರು ಕೊಂಬನ್ನು ಗೋಡೆಗೇರಿಸಿದ ಕಾಲದಲ್ಲಿ ಕಾಡು ವಿಸ್ತಾರವಾಗಿತ್ತು. ಅವರ ನೆನಪಿಗೆ ಕುಂದಾಗದಂತೆ ಅದರ ಲೆಕ್ಕವನ್ನು ನಾಡಿಗೆ ಒಪ್ಪಿಸುವುದು ಇಂದಿನ ವಾರಸುದಾರನ ಧರ್ಮ.