ಗಾಡಾದ ಮುಂದೆ ಕೂಡುವ ಮಕ್ಕಳಿಗೆ ಒಂದು ಮಾತು



ಹೊತ್ತು ಮುಳುಗಿತೆಂದರೆ ಗೋಕಾಕದ ಬಸ್ ಸ್ಟ್ಯಾಂಡಿನ ಸುತ್ತ, ಮೂಡಲಗಿಯ ಪೇಟೆಯಲ್ಲಿ, ಹುಕ್ಕೇರಿಯ ರಸ್ತೆ ಬದಿಯಲ್ಲಿ ತಿಂಡಿಯ ಗಾಡಾಗಳ ದೀಪಗಳು ಹತ್ತುತ್ತವೆ. ಒಂದರಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ಗಿರಮಿಟ್, ಅದರಾಚೆ ವಡಾಪಾವ್, ಪಾನಿಪುರಿ, ಗೋಬಿ, ಎಗ್ ರೈಸ್. ನೀವು ನಾಲ್ಕೈದು ಜನ ಬೈಕಿಗೆ ಸ್ಟ್ಯಾಂಡ್ ಹಾಕಿ, ಅದರ ಸೀಟಿನ ಮೇಲೆಯೇ ಪ್ಲೇಟು ಇಟ್ಟುಕೊಂಡು ನಿಲ್ಲುತ್ತೀರಿ. ಮನೆಯಲ್ಲಿ ಹಿರಿಯರು “ಹೊರಗಿಂದು ತಿನಬ್ಯಾಡ್ರೋ” ಎಂದು ಗದರುತ್ತಾರೆ. ನಾನು ಹಾಗೆ ಗದರುವುದಿಲ್ಲ. ತಿನ್ನಿ, ಗೆಳೆಯರ ಜೊತೆಗೇ ತಿನ್ನಿ. ಆದರೆ ಅಲ್ಲಿ ಹೇಗೆ ನಿಲ್ಲಬೇಕು, ಯಾರನ್ನು ಕರೆದುಕೊಂಡು ಹೋಗಬೇಕು, ಏನನ್ನು ಕಂಡರೆ ಕೈ ಹಿಂದೆಗೆಯಬೇಕು ಎಂಬುದನ್ನು ಹಿರಿಯರಾದ ನಾವು ನಿಮಗೆ ಕೂತು ಹೇಳಲೇ ಇಲ್ಲ. ಅದನ್ನು ಈಗ ಹೇಳುತ್ತೇನೆ.

ಮೊದಲು, ಈ ಜಾಗದ ಬೆಲೆ ತಿಳಿದುಕೊಳ್ಳಿ. ಹೋಟೆಲಿಗೆ ಹೋಗಲು ಕಿಸೆ ತುಂಬಿರಬೇಕು, ಒಬ್ಬರ ಮನೆಗೆ ಊಟಕ್ಕೆ ಹೋಗಲು ಕರೆ ಬರಬೇಕು. ಗಾಡಾಕ್ಕೆ ಎರಡೂ ಬೇಡ. ಕಬ್ಬು ಕಡಿಯುವವರ ಮಗ, ಡಾಕ್ಟರ ಮಗಳು, ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿದವರ ಮೊಮ್ಮಗ, ಎಲ್ಲರೂ ಒಂದೇ ಹಲಗೆಗೆ ಮೊಣಕೈ ಊರಿ ನಿಲ್ಲಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಒಂದೇ ಪಂಕ್ತಿಯಲ್ಲಿ ಉಣ್ಣುವುದಕ್ಕಾಗಿ ಎಂಥ ಬೆಲೆ ತೆತ್ತರೆಂಬುದನ್ನು ಶಾಲೆಯಲ್ಲಿ ಓದಿದ್ದೀರಿ. ಅದಾಗಿ ಎಂಟು ನೂರು ವರ್ಷ ಕಳೆದ ಮೇಲೂ ಹಳ್ಳಿಯ ಚಾದಂಗಡಿಗಳಲ್ಲಿ ಕೆಲವರ ಬಟ್ಟಲು ಬೇರೆಯಾಗಿ ಹೊರಗಿನ ಗೂಟಕ್ಕೆ ನೇತಾಡುತ್ತಿತ್ತು. ಇವತ್ತು ನಿಮ್ಮ ಗುಂಪಿನಲ್ಲಿ ಒಂದೇ ಪ್ಲೇಟಿನ ಗಿರಮಿಟ್ಟಿಗೆ ಐದು ಜನ ಕೈ ಹಾಕುವಾಗ ಯಾರೂ ಯಾರ ಕುಲ ಕೇಳುವುದಿಲ್ಲ. ನೀವು ಇದನ್ನು ದೊಡ್ಡ ಸಂಗತಿಯೆಂದು ಎಣಿಸದಿರಬಹುದು. ನಾನು ಎಣಿಸುತ್ತೇನೆ. ಅಂಥ ಪ್ಲೇಟಿನ ಮುಂದೆ ಯಾವನಾದರೂ ಒಬ್ಬ “ಅವರ ಪೈಕಿ”, “ಇವರ ಪೈಕಿ” ಎಂದು ಶುರು ಮಾಡಿದರೆ ಅಲ್ಲೇ ತಡೆಯಿರಿ.

ಗುಂಪೆಂದ ಮೇಲೆ ಅದರಲ್ಲಿ ಕೈ ಬರಿದಾದವನು ಒಬ್ಬ ಇದ್ದೇ ಇರುತ್ತಾನೆ. ಎಲ್ಲರೂ ಪಟ್ಟಿ ಹಾಕುವ ಹೊತ್ತಿಗೆ ಅವನು ಫೋನ್ ಬಂದವನಂತೆ ಪಕ್ಕಕ್ಕೆ ಸರಿಯುತ್ತಾನೆ. “ನನಗ ಹಸಿವಿಲ್ಲೋ, ಈಗರೆ ಉಂಡ್ ಬಂದೇನಿ” ಎನ್ನುತ್ತಾನೆ. ಮಧ್ಯಾಹ್ನ ಕಾಲೇಜಿನಲ್ಲಿ ಡಬ್ಬಿ ಬಿಚ್ಚದವನು ಸಂಜೆ ಐದಕ್ಕೆ ಎಲ್ಲಿ ಉಂಡು ಬಂದಾನು? ಅವನನ್ನು ಒತ್ತಾಯಿಸಿ ನಾಚಿಸಬೇಡಿ, ಬಿಟ್ಟೂ ಬಿಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಪ್ಲೇಟು ಹೇಳುವ ಬದಲು ಎರಡು ಪ್ಲೇಟು ಹೇಳಿ ನಡುವೆ ಇಡಿ. ನಡುವೆ ಇಟ್ಟ ಪ್ಲೇಟಿನಲ್ಲಿ ಯಾರು ಎಷ್ಟು ತಿಂದರು, ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಉಳಿಯುವುದಿಲ್ಲ. ಮುಂದೆ ಅವನ ಕೈಗೆ ರೊಕ್ಕ ಬಂದ ದಿನ ಅವನೇ ಕೊಡುತ್ತೇನೆಂದರೆ ಬೇಡ ಎನ್ನಬೇಡಿ. ಕೊಡುವ ಸಂತೋಷ ಅವನಿಗೂ ಸಲ್ಲಬೇಕು. ಮರುದಿನ “ನಿನ್ನೆ ನಾನs ಕೊಟ್ಟಿದ್ದೆ” ಎಂದು ಆಡಿ ತೋರಿಸುವವನ ರೊಕ್ಕದಲ್ಲಿ ಮಾತ್ರ ಯಾವತ್ತೂ ತಿನ್ನಬೇಡಿ.

ಗಿರಮಿಟ್ ಮಾಡುವವರ ಕೈಯನ್ನು ಎಂದಾದರೂ ನಿಂತು ನೋಡಿದ್ದೀರಾ? ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ, ಹುಣಸೆ ರಸ, ಬೆಲ್ಲ ಹಾಕಿ ಮನೆಯಲ್ಲೇ ಕುದಿಸಿ ತಂದ ಗೊಜ್ಜು ಒಂದು ಪಾತ್ರೆಯಲ್ಲಿರುತ್ತದೆ. ಬೋಗುಣಿಗೆ ಚುರಮುರಿ ಸುರಿದು, ಅದರ ಮೇಲೆ ಎರಡು ಚಮಚ ಗೊಜ್ಜು, ಒಂದು ಹಿಡಿ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ. ಆಮೇಲೆ ಚಮಚ ಬೋಗುಣಿಯ ಅಂಚಿಗೆ ಟಣಟಣ ಬಡಿಯುತ್ತ ಸರಸರನೆ ಕಲಸುತ್ತಾರೆ. ಗೊಜ್ಜಿನ ತೇವ ಚುರಮುರಿಗೆ ಇಳಿಯುವ ಮೊದಲು, ಮೇಲೆ ಸೇವು ಉದುರಿಸಿ, ಪಕ್ಕಕ್ಕೆ ಒಂದು ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಅಲ್ಲಿಂದ ಮುಂದೆ ಇರುವುದು ಮೂರ್ನಾಲ್ಕು ನಿಮಿಷದ ಆಟ. ಅಷ್ಟರಲ್ಲಿ ತಿಂದರೆ ಗರಿಗರಿ, ಆಮೇಲೆ ಮೆತ್ತಗಿನ ಮುದ್ದೆ. ನೀವು ಆ ಮೂರ್ನಾಲ್ಕು ನಿಮಿಷವನ್ನೇ ಫೋಟೊ ತೆಗೆಯಲು, ಸ್ಟೇಟಸ್ ಹಾಕಲು ಕಳೆಯುತ್ತೀರಿ. ಫೋನು ಕಿಸೆಯಲ್ಲಿರಲಿ. ಎದುರಿಗೆ ನಿಂತವನ ಮುಖ ನೋಡಿ ತಿನ್ನಿ. ಅವನ ಅಪ್ಪನಿಗೆ ಆರಾಮಿಲ್ಲ, ಅವಳ ಪರೀಕ್ಷೆಯ ಒಂದು ವಿಷಯ ಉಳಿದಿದೆ, ಇವನಿಗೆ ಊರು ಬಿಟ್ಟು ಪುಣೆಗೆ ಕೆಲಸಕ್ಕೆ ಹೋಗಬೇಕಾಗಿದೆ. ಇಂಥವೆಲ್ಲ ಖಾರ ತಿಂದು ಮೂಗು ಒರೆಸಿಕೊಳ್ಳುವ ಹೊತ್ತಿಗೇ ಬಾಯಿಂದ ಹೊರಡುತ್ತವೆ. ಕೇಳಲು ಕಿವಿ ಇರಬೇಕು.

ನಮ್ಮದು ಗಡಿಸೀಮೆ. ಸಂಕೇಶ್ವರಕ್ಕೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ತಾಗಿಕೊಂಡೇ ಇದೆ. ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಹಾಗಾಗಿ ನಮ್ಮ ಗಾಡಾಗಳಲ್ಲಿ ಹುಬ್ಬಳ್ಳಿ ಕಡೆಯ ಗಿರಮಿಟ್ಟೂ ಉಂಟು, ಮುಂಬಯಿಯ ವಡಾಪಾವ್, ಕೊಲ್ಹಾಪುರದ ಮಿಸಳ್ ಕೂಡ ಉಂಟು. ಗಾಡಾದವರು ಕನ್ನಡದಲ್ಲಿ ರೊಕ್ಕ ಕೇಳಿ ಮರಾಠಿಯಲ್ಲಿ ಚಿಲ್ಲರೆ ಕೊಡುತ್ತಾರೆ. ಭಾಷೆಯ ಹೆಸರಿನಲ್ಲಿ ಜಗಳ ಎಬ್ಬಿಸುವವರು ಆಗಾಗ ಬರುತ್ತಾರೆ. ಅವರ ಹಿಂದೆ ಹೋಗಬೇಡಿ. ಕನ್ನಡವನ್ನು ಚೆನ್ನಾಗಿ ಓದಿ, ಬರೆಯಿರಿ, ಅಂಗಡಿಯ ಮುಂದೆ ಗಟ್ಟಿಯಾಗಿ ಆಡಿ. ಪಕ್ಕದಲ್ಲಿ ತಿನ್ನುತ್ತಿರುವವನ ಮಾತೃಭಾಷೆಯನ್ನು ಮಾತ್ರ ಹೀಗಳೆಯಬೇಡಿ.

ಇನ್ನು ಹೊಟ್ಟೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಜ್ಯದ ಬೇರೆ ಬೇರೆ ಕಡೆ ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107 ತಿನ್ನಲು ಸುರಕ್ಷಿತವಲ್ಲ ಎಂದು ಬಂದದ್ದೇ ಇದಕ್ಕೆ ಕಾರಣ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕದ್ದು ರೋಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಆದೇಶವೇನೋ ಹೊರಟಿತು, ಆದರೆ ಪ್ರತಿ ಊರಿನ ಪ್ರತಿ ಗಾಡಾದ ಮುಂದೆ ಅಧಿಕಾರಿ ನಿಲ್ಲಲಾರ. ನಿಲ್ಲುವವರು ನೀವೇ. ಕೈಗೆ ಹತ್ತಿದ ಕೆಂಪು ಬಣ್ಣ ನೀರಿನಿಂದ ತೊಳೆದರೂ ಹೋಗದಿದ್ದರೆ, ಆ ಗೋಬಿ ಮತ್ತೆ ಬೇಡ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಆ ಕೆಂಪನ್ನು ಬೇಡಿದವರು ಗಿರಾಕಿಗಳಾದ ನಾವು. “ಏನೋ ಕಾಕಾ, ಇವತ್ತ ಬಣ್ಣಾನs ಬಂದಿಲ್ಲಲ್ಲ” ಎಂದು ಕೇಳುವವರು ಇರುವವರೆಗೆ ಡಬ್ಬಿಯಲ್ಲಿ ಬಣ್ಣ ಇರುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ, ಸಂಕೇಶ್ವರದ ಹೆಸರಿನ ಮೆಣಸಿನಕಾಯಿ ನಮ್ಮ ಮಗ್ಗುಲಲ್ಲೇ ಇದೆ. ಪುಡಿಬಣ್ಣ ನಮಗೇಕೆ?

ಎಣ್ಣೆಯನ್ನು ನೋಡಿ. ಬಾಣಲೆಯ ಎಣ್ಣೆ ಕಪ್ಪಾಗಿ, ದಪ್ಪಗಾಗಿ, ಭಜಿ ಬಿಟ್ಟೊಡನೆ ನೊರೆ ಉಕ್ಕುತ್ತಿದ್ದರೆ ಅದು ಹಲವು ಸಲ ಕಾದ ಎಣ್ಣೆ. 2018ರ ಜುಲೈನಿಂದ ಕರಿದ ಎಣ್ಣೆಯ ಕೆಡುಕಿಗೆ ದೇಶದಲ್ಲಿ ಕಾಯ್ದೆಯ ಮಿತಿಯೇ ಇದೆ. ಅದನ್ನು ಅಳೆಯಲು ಉಪಕರಣ ಬೇಕು, ಆದರೆ ಮೂಗಿಗೆ ಬಡಿಯುವ ಕಮಟು ವಾಸನೆಗೆ ಬೇಕಿಲ್ಲ. ಪೇಪರಿನ ಮೇಲೆ ಬಿಸಿ ಭಜಿ ಕೊಟ್ಟರೆ “ಎಲೀ ಇಲ್ಲಾ ಪ್ಲೇಟಿನ್ಯಾಗ ಕೊಡ್ರಿ” ಎನ್ನಿ. ಅಚ್ಚಿನ ಮಸಿಯಲ್ಲಿ ಸೀಸದಂಥ ವಿಷ ಇರಬಹುದು, ಬಿಸಿ ಎಣ್ಣೆ ಅದನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಪಾನಿಪುರಿಯ ನೀರಿನ ಬಗ್ಗೆ ಮೈಮರೆಯಬೇಡಿ. ಕಣ್ಣೆದುರೇ ಬಾಣಲೆಯಿಂದ ತೆಗೆದು ಕೊಟ್ಟದ್ದು, ಹಬೆಯಾಡುತ್ತಿರುವುದು, ಅದೇ ಆ ದಿನಗಳಿಗೆ ಲೇಸು.

ಇದನ್ನೆಲ್ಲ ಹೇಳುವ ರೀತಿ ಒಂದಿದೆ. ಹತ್ತು ಜನರ ಎದುರು ಗಾಡಾದವರನ್ನು ಹೀಯಾಳಿಸಿ, ವಿಡಿಯೊ ಮಾಡಿ ಊರಿಗೆಲ್ಲ ಹಂಚಿದರೆ ಒಂದು ಮನೆಯ ಒಲೆ ಆರುತ್ತದೆ. ಗಿರಾಕಿ ಕಡಿಮೆ ಇದ್ದ ಹೊತ್ತು ನೋಡಿ, ಹತ್ತಿರ ಹೋಗಿ, “ಅಕ್ಕಾ, ಎಣ್ಣಿ ಬದಲ್ ಮಾಡ್ರಿ, ನಿಮ್ಮ ಕೈ ರುಚಿಗೇ ಬರತೇವಿ” ಎಂದು ಹೇಳಿ. ನಾಲ್ಕು ಗುಂಪಿನವರು ಹೀಗೆ ಹೇಳಿದರೆ ಎಣ್ಣೆ ಬದಲಾಗುತ್ತದೆ. ಹೇಳಿದರೂ ಕೇಳದವರ ಗಾಡಾ ಬಿಟ್ಟು ಮುಂದಿನದಕ್ಕೆ ನಡೆಯಿರಿ.

ಹುಡುಗರಿಗೆ ಒಂದು ಮಾತು ಬೇರೆಯಾಗಿ ಹೇಳುತ್ತೇನೆ. ನಿಮ್ಮ ಅಕ್ಕತಂಗಿಯರಿಗೂ ಸಂಜೆ ಹೊತ್ತು ಗೆಳತಿಯರ ಜೊತೆ ನಿಂತು ಎರಡು ಮಿರ್ಚಿ ತಿನ್ನುವ ಆಸೆ ಇರುತ್ತದೆ. ಅವರು ಪಾರ್ಸೆಲ್ ಕಟ್ಟಿಸಿಕೊಂಡು ಸರಸರ ಹೋಗುವುದು ಹಸಿವಿನ ಅವಸರಕ್ಕಲ್ಲ. ನೀವು ದಾರಿಗೆ ಅಡ್ಡಲಾಗಿ ಬೈಕ್ ನಿಲ್ಲಿಸಿ, ಕಣ್ಣು ನೆಟ್ಟು ನೋಡಿ, ಅವರಿಗೆ ಜಾಗವನ್ನೇ ಉಳಿಸಿರುವುದಿಲ್ಲ. ಸರಿದು ನಿಲ್ಲಿ. ಮಗಳು ಗಾಡಾದ ಮುಂದೆ ನಿಂತದ್ದನ್ನು ಮನೆಗೆ ಬಂದು ದೂರು ಹೇಳುವ ಓಣಿಯ ಹಿರಿಯರಿಗೂ ನಾನು ಇದನ್ನೇ ಹೇಳುತ್ತೇನೆ: ಅವಳು ತಿಂದದ್ದು ತಿಂಡಿ, ಮಾಡಿದ್ದು ತಪ್ಪಲ್ಲ.

ಎಗ್ ರೈಸ್ ಗಾಡಾದಿಂದ ಪಕ್ಕದ ಮದ್ಯದಂಗಡಿಗೆ, ಚಾದಿಂದ ಗುಟಕಾಕ್ಕೆ, ಹೆಜ್ಜೆ ಬಹಳ ಹತ್ತಿರ. “ಒಂದs ಒಂದು” ಎಂದು ಕೈಗೆ ಕೊಡುವವನು ಗೆಳೆಯನೇ ಆಗಿರುತ್ತಾನೆ. ಬೇಡ ಎಂದು ಅವನ ಮುಖಕ್ಕೇ ಹೇಳುವಷ್ಟು ಗೆಳೆತನ ಇರಲಿ.

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋಗುತ್ತೀರಿ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವಾಗ, ತುಂತುರಿನಲ್ಲಿ ನೆನೆಯುತ್ತ, ಉಪ್ಪು ಖಾರ ಲಿಂಬೆ ತಿಕ್ಕಿದ ಸುಟ್ಟ ಗೊಂಜಾಳದ ತೆನೆ ತಿನ್ನುವ ಸುಖ ನನಗೂ ಗೊತ್ತು. ತೆನೆ ಹಿಡಿದ ಕೈಯಲ್ಲೇ ಸೆಲ್ಫಿಗಾಗಿ ಬಂಡೆಯ ಅಂಚಿಗೆ ಹೋಗಬೇಡಿ. ಪಾಚಿ ಕಟ್ಟಿದ ಆ ಕಲ್ಲು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಪ್ಲಾಸ್ಟಿಕ್ ಪ್ಲೇಟು, ನೀರಿನ ಬಾಟಲಿ ಅಲ್ಲೇ ಎಸೆದು ಬರಬೇಡಿ.

ಅದೇ ಘಟಪ್ರಭೆ 2019ರ ಆಗಸ್ಟಿನಲ್ಲಿ ಗೋಕಾಕದ ಊರೊಳಗೆ ನುಗ್ಗಿದಾಗ, ಮುಂದಿನ ವರ್ಷ ಲಾಕ್‌ಡೌನ್ ಆದಾಗ, ದಿನದ ದುಡಿಮೆ ದಿನವೇ ತಿನ್ನುವವರಿಗೆ ಮೊದಲ ಪೆಟ್ಟು ಬಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಪಿಎಂ ಸ್ವನಿಧಿ ಎಂಬ ಯೋಜನೆ ತಂದು ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಾಗಿ 10,000 ರೂಪಾಯಿ ಸಾಲ ಕೊಡತೊಡಗಿತು. ಹತ್ತು ಸಾವಿರದ ಸಾಲದಿಂದ ಮತ್ತೆ ಎದ್ದು ನಿಲ್ಲಬಹುದಾದ ವ್ಯಾಪಾರ ಅದು ಎಂಬುದನ್ನು ನೆನೆದರೆ, ಭಜಿಯ ಪ್ಲೇಟಿಗೆ ಐದು ರೂಪಾಯಿ ಚೌಕಾಸಿ ಮಾಡಲು ನಿಮಗೆ ಮನಸ್ಸಾಗಲಿಕ್ಕಿಲ್ಲ. ಅವರನ್ನು “ಏಯ್” ಎಂದು ಕರೆಯಬೇಡಿ. ಕಾಕಾ, ಅಣ್ಣಾ, ಅಕ್ಕಾ, ಯವ್ವಾ, ನಮ್ಮಲ್ಲಿ ಕರೆಯಲು ಮಾತುಗಳಿಗೇನು ಕಡಿಮೆ?

ಓದು ಬಲ್ಲವರು ನೀವು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ. ಸಮೀಕ್ಷೆ ಮುಗಿಯದೆ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಕಾಯ್ದೆಯ ಆಚೆಗೂ ಸರಕಾರ ಮಾಡಬಹುದಾದದ್ದುಂಟು: ಸಿಂಗಪುರದಲ್ಲಿ ಬೀದಿಯ ಗಾಡಿಗಳವರಿಗೆ ನಲ್ಲಿ, ಚರಂಡಿ, ಮಾಡು ಇರುವ ಕಟ್ಟೆಗಳನ್ನು ಸರಕಾರವೇ ಕಟ್ಟಿಸಿಕೊಟ್ಟಿತು. 2020ರಲ್ಲಿ ಯುನೆಸ್ಕೊ ಅಲ್ಲಿನ ಆ ತಿನಿಸಿನ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಕಾಕ, ಮೂಡಲಗಿ, ಹುಕ್ಕೇರಿಗೂ ಒಂದೊಂದು ಅಂಥ ಕಟ್ಟೆ ಬರಲಿ. ಕುಡಿಯುವ ನೀರಿನ ನಲ್ಲಿ, ಕೈ ತೊಳೆಯುವ ಜಾಗ, ಹೆಣ್ಣುಮಕ್ಕಳಿಗೆ ಶೌಚಾಲಯ, ಇಷ್ಟನ್ನು ಪುರಸಭೆಗೆ, ನಗರಸಭೆಗೆ ಬರೆದು ಕೇಳಿ. ಅರ್ಜಿ ಬರೆಯಲು ಬಾರದ ಗಾಡಾದ ಅಕ್ಕನ ಪರವಾಗಿಯೂ ನೀವೇ ಬರೆದುಕೊಡಿ.

ಕೊನೆಗೊಂದು. ಗುಂಪಿನಲ್ಲಿ ತಿಂದಾಗ “ಅವ ಸ್ಕ್ಯಾನ್ ಮಾಡಿರಬೇಕು” ಎಂದು ಇವನು, “ಇವ ಮಾಡಿರಬೇಕು” ಎಂದು ಅವನು, ಇಬ್ಬರೂ ಗಾಡಿ ಏರಿ ಹೊರಟುಬಿಡುತ್ತೀರಿ. ಗದ್ದಲದಲ್ಲಿ ಗಾಡಾದವರಿಗೆ ತಿಳಿಯುವುದಿಲ್ಲ, ತಿಳಿದರೂ ಗಿರಾಕಿ ಹೋದಾನೆಂದು ಕೇಳುವುದಿಲ್ಲ. ಹೊರಡುವ ಮುನ್ನ “ಕಾಕಾ, ನಮ್ಮದು ಮುಟ್ಟತೇನ್ರಿ?” ಎಂದು ಕೇಳಿಯೇ ಹೊರಡಿ. ಯಾವ ಗಾಡಾದಲ್ಲಾದರೂ ನಿಮ್ಮ ಹೆಸರಿನ ಹಳೆಯ ಉದ್ರಿ ಉಳಿದಿದ್ದರೆ, ಈ ವಾರದೊಳಗೆ ಹೋಗಿ ಕೊಟ್ಟು ಬನ್ನಿ.