ಬುದ್ಧನ ಚಿತ್ರದ ಕೆಳಗಿನ ತೊಗಲು

*ಇಂದಿನ ಧಮ್ಮ ಚಿಂತನೆ*



ಬೈಲಕುಪ್ಪೆಗೋ ಮುಂಡಗೋಡಿಗೋ ಹೋಗಿ ಬಂದವರು ಅಲ್ಲಿನ ಟಿಬೆಟಿಯನ್ ವಿಹಾರಗಳಲ್ಲಿ ರೇಷ್ಮೆ ಅಂಚಿನ ಚಿತ್ರಪಟಗಳನ್ನು ನೋಡಿರುತ್ತೀರಿ. ಅವುಗಳಿಗೆ ಥಂಕಾ ಎಂದು ಹೆಸರು. ಸುರುಳಿ ಸುತ್ತಿ ಜೊತೆಗೆ ಒಯ್ಯಬಹುದು. ಭಿಕ್ಷುವಿಗೂ ಸರಿ, ಡೇರೆಯಲ್ಲಿ ಬಾಳುವ ಪಶುಪಾಲಕನಿಗೂ ಸರಿ. ಅವರ ಪೂಜಾವಿಧಿ ನಮ್ಮ ನವಯಾನದ ದಾರಿಯಲ್ಲ. ಆದರೂ ಈ ಚಿತ್ರ ತಯಾರಾಗುವ ಬಗೆಯಲ್ಲಿ ನಮಗೊಂದು ಪಾಠವಿದೆ.

ಮೊದಲು ಹತ್ತಿ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿಯುತ್ತಾರೆ. ಪ್ರಾಣಿಗಳ ತೊಗಲನ್ನು ಬಹಳ ಹೊತ್ತು ಕುದಿಸಿ ತೆಗೆದ ಅಂಟನ್ನು ಅದಕ್ಕೆ ಬಳಿಯುತ್ತಾರೆ. ಅದೇ ಅಂಟಿನಲ್ಲಿ ಸೀಮೆಸುಣ್ಣದಂಥ ಬಿಳಿ ಪುಡಿ ಕಲಸಿ ಹಚ್ಚಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಅಳತೆಯ ಗೆರೆಗಳನ್ನು ಹಾಕಿ ಬುದ್ಧನ ಆಕೃತಿ ಬರೆಯುತ್ತಾರೆ. ಕಲ್ಲು ಅರೆದು ಮಾಡಿದ ನೀಲಿ, ಹಸಿರು, ಕೆಂಪು ಬಣ್ಣಗಳನ್ನು ಕಲಸುವುದೂ ಅದೇ ಅಂಟಿನಲ್ಲಿ. ಕೊನೆಗೆ ಕಣ್ಣು ಬರೆಯುತ್ತಾರೆ. ಕಲಾವಿದ ಸಾಮಾನ್ಯವಾಗಿ ತನ್ನ ಹೆಸರು ಬರೆಯುವುದಿಲ್ಲ.

ಅಂಟು ಕಡಿಮೆಯಾದರೆ ಬಣ್ಣ ಪುಡಿಯಾಗಿ ಉದುರುತ್ತದೆ. ಹೆಚ್ಚಾದರೆ ಸುರುಳಿ ಸುತ್ತುವಾಗ ಬಿರುಕು ಬಿಡುತ್ತದೆ. ಮಧ್ಯಮ ಮಾರ್ಗ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತನ್ನು ಮಾತ್ರ ಬಿಡಿಸಿ ನೋಡೋಣ.

ಆ ಶಾಂತ ಮುಖ ಬಟ್ಟೆಯ ಮೇಲೆ ನಿಂತಿರುವುದು ತೊಗಲಿನ ಬಲದಿಂದ. ಮಿಣಿ ಹೊಸೆದವರು, ಮೆಟ್ಟು ಹೊಲಿದವರು, ತಮಟೆಗೆ ಚರ್ಮ ಬಿಗಿದವರು ನಮ್ಮ ಹಿರಿಯರು. ಅದೇ ತೊಗಲು ಮದ್ದಳೆಯಾಗಿ ಗುಡಿಯೊಳಗೆ ಹೋಯಿತು; ಅದನ್ನು ಹದ ಮಾಡಿದ ಕೈ ಹೊರಗೇ ಉಳಿಯಿತು. ಹಾಗಾದರೆ ಮೈಲಿಗೆ ಇದ್ದದ್ದು ಎಲ್ಲಿ? ತೊಗಲಿನಲ್ಲೇ ಇದ್ದಿದ್ದರೆ ಮದ್ದಳೆಯೂ ಹೊರಗೆ ನಿಲ್ಲಬೇಕಿತ್ತು. ಅದು ಇದ್ದದ್ದು ನೋಡುವವರ ಮನಸ್ಸಿನಲ್ಲಿ.

ಟಿಬೆಟ್ಟನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಹಳೆಯ ಟಿಬೆಟ್ ಸಮಾಜದಲ್ಲಿ ಕಮ್ಮಾರರನ್ನು, ಕಟುಕರನ್ನು, ಹೆಣ ಸಾಗಿಸುವವರನ್ನು ಕೀಳಾಗಿ ಕಾಣುತ್ತಿದ್ದರು. ಮನೆಮನೆಯಲ್ಲಿ ಬುದ್ಧನಿದ್ದ ನಾಡಿನಲ್ಲೂ ಹೀಗಾಯಿತು. ಗೋಡೆಯ ಮೇಲೆ ಬುದ್ಧ ಬಂದ ಮಾತ್ರಕ್ಕೆ ಮನಸ್ಸಿನೊಳಗೆ ಸಮತೆ ಬಂದಂತಲ್ಲ.

ಬಾಬಾಸಾಹೇಬರು ಇದನ್ನು ಬಲ್ಲವರು. 1927ರಲ್ಲಿ ಮಹಾಡ್‌ನಲ್ಲಿ, ಸತ್ತ ದನ ಎಳೆಯುವ ಕೆಲಸ ಬಿಡಿ ಎಂದು ಜನರಿಗೆ ಹೇಳಿದರು. ದುಡಿಮೆ ಕೀಳೆಂದು ಅವರು ಹೇಳಿದ್ದಲ್ಲ. ಹುಟ್ಟಿನ ಹೆಸರಲ್ಲಿ ಹೇರಿದ ದುಡಿಮೆ ಗುಲಾಮಗಿರಿ ಎಂಬುದು ಅವರ ನಿಲುವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಕೊಟ್ಟಾಗ, ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂಬ ನಂಬಿಕೆಯನ್ನೂ ಸಮತೆಗಾಗಿ ಶ್ರಮಿಸುವ ಸಂಕಲ್ಪವನ್ನೂ ಸೇರಿಸಿದರು. ನಂಬಿಕೆ ಒಂದೇ ಸಾಲದು, ಶ್ರಮವೂ ಬೇಕು.

ನಮ್ಮ ಮಕ್ಕಳು ಇಂದು ಮೇಷ್ಟ್ರು, ನರ್ಸು, ಇಂಜಿನಿಯರ್ ಆಗಿದ್ದಾರೆ. ಅಜ್ಜನ ಕಸುಬು ಕೇಳಿದರೆ ಕೆಲವರು ಮಾತು ಮರೆಸುತ್ತಾರೆ. ಆ ಕಸುಬಿಗೆ ಮರಳಬೇಕಿಲ್ಲ. ಆದರೆ ಆ ಕೈಗಳಿಗಾಗಿ ನಾಚಬೇಕಾದವರು ನಾವಲ್ಲ.

*ಇಂದಿನ ಅಭ್ಯಾಸ:*
1. ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ಮಾಡುತ್ತಿದ್ದ ಕೆಲಸದ ವಿವರ ಕೇಳಿ. ಮಕ್ಕಳೂ ಪಕ್ಕದಲ್ಲಿರಲಿ.
2. ನಮ್ಮ ಬೀದಿಯ ಚರಂಡಿ ತೆಗೆಯುವವರನ್ನು ನಾವು ಹೇಗೆ ಕರೆಯುತ್ತೇವೆ? ಅವರಿಗೆ ನೀರು ಕೊಡುವ ಲೋಟ ಯಾವುದು? ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏